ನಿಮ್ಮವ್ವನ ಪಾಳಿ

ರಾಯಚೂರು
೨೬ ಮಾರ್ಚ್ ೨೦೨೬

ಪ್ರೀತಿಯ ಮಗಳು ಸುವಾರ್ತಾಳಿಗೆ,

ಅಪ್ಪನ ಆಶೀರ್ವಾದಗಳು. ಕರ್ತನ ದಯೆಯಿಂದ ಇದ್ದೇನೆ. ನೀನು ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಕೊಡದೆ, ಫೋನಿನಲ್ಲಿ ಬಿಸಿಲಿನ ಮಾತು, ಮಿರ್ಚಿ-ಒಗ್ಗರಣಿಯ ಮಾತು ಆಡಿ ಇಟ್ಟುಬಿಡುತ್ತಿದ್ದೆ. ಬೇಸರ ಮಾಡಿಕೊಳ್ಳಬೇಡ. ಇದು ಫೋನಿನಲ್ಲಿ ಆಡುವ ಮಾತಲ್ಲ. ಪಕ್ಕದ ಮನೆಯ ಮೆಹಬೂಬ್ ಪಾಷಾ ನಾಳೆ ಅಂಗಡಿ ಕೆಲಸಕ್ಕೆ ಮಾನ್ವಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಹೆರಿಗೆಗೆ ನಮ್ಮ ಮನೆಗೇ ಬರುತ್ತೇನೆ ಎಂದೆಯಲ್ಲ, ಸಂತೋಷ. ಒಳಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಪಾಷಾನ ಹೆಂಡತಿ ವಾಹಿದಾ, “ಬಾಣಂತನ ನಾ ನೋಡ್ಕೋತೀನ್ರಿ ಮಾಸ್ತರ, ನೀವು ಬರೇ ನೀರು ಕಾಸ್ರಿ ಸಾಕು” ಎಂದಿದ್ದಾಳೆ. ಆದರೆ ನೀನು ಒಂದು ಕರಾರು ಹಾಕಿದೆ. ಆಸ್ಪತ್ರೆಗೆ ಹೊರಡುವ ಮುಂಚೆ ಅವ್ವ ಮಾಡುತ್ತಿದ್ದಂತೆ ನಾನೇ ನಿನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು, ಇಲ್ಲದಿದ್ದರೆ ದೇವದುರ್ಗಕ್ಕೆ ಅತ್ತೆಯ ಮನೆಗೇ ಹೋಗುತ್ತೇನೆ ಎಂದು.

ಅಲ್ಲಿಗೇ ಬರುತ್ತೇನೆ, ಮೊದಲು ಚರ್ಚಿನ ಸುದ್ದಿ ಕೇಳು. ಗುಡ್ ಫ್ರೈಡೇ ತನಕ ಸರಪಳಿ ಪ್ರಾರ್ಥನೆ ನಡೆದಿದೆ. ಒಬ್ಬರು ಏಳುವಷ್ಟರಲ್ಲಿ ಇನ್ನೊಬ್ಬರು ಮೊಣಕಾಲೂರಬೇಕು, ಜಾಗ ಖಾಲಿ ಬೀಳಬಾರದು. ಮಧ್ಯಾಹ್ನದ ಪಾಳಿ ನಿಮ್ಮವ್ವನದು. ಉಂಡ ಮೇಲೆ ಎಲ್ಲರಿಗೂ ತೂಕಡಿಕೆ ಎಂದು ತಾನೇ ಕೇಳಿ ತೆಗೆದುಕೊಂಡಿದ್ದಳು. ಈ ವರ್ಷ ಪಾದ್ರಿ ಅಯ್ಯನವರು ಅದನ್ನು ನನಗೆ ಕೊಟ್ಟರು.

ಕೂತರೆ ಫ್ಯಾನು ಕಾಣುತ್ತದೆ. ಅದರಾಚೆ ಹಲ್ಲಿ. ಹೊರಗೆ ತಳ್ಳುಗಾಡಿಯವನ ಮೈಕು ಕಲ್ಲಂಗಡಿ ಕಲ್ಲಂಗಡಿ ಎಂದು ಒಂದೇ ಸಮನೆ ಕೂಗುತ್ತಿರುತ್ತದೆ. ಜೇಬಿನಲ್ಲಿ ಫೋನು ಗುಂಯ್ ಎನ್ನುತ್ತದೆ. ತೆಗೆದು ನೋಡಿದರೆ ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲೇ, ಲೋಕದ ಗದ್ದಲ ಬಿಟ್ಟು ದೇವರ ಕಡೆ ತಿರುಗಿ ಎಂದು ಬರೆದ ಗುಲಾಬಿ ಹೂವಿನ ಚಿತ್ರ! ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು “ಬಾಡಿ ಪ್ರೆಸೆಂಟ್, ಮೈಂಡ್ ಆಬ್ಸೆಂಟ್” ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಮುಂದೆ ಇನ್ನೂ ಏನೋ ಅನ್ನುತ್ತಿದ್ದರು, ಮರೆತಿದೆ.

ನನ್ನ ನಂತರದ ಪಾಳಿ ಗೋಪಮ್ಮನದು. ಹೋದ ವಾರ ಒಂದು ದಿನ ಬೇಗ ಬಂದು ನನ್ನನ್ನು ನೋಡಿಬಿಟ್ಟಳು.

“ಏನ್ರಿ ಮಾಸ್ತರ, ಪ್ರಾರ್ಥನಿ ಮಾಡಾಕತ್ತೀರೋ, ಹೊಲಾ ಕಾಯಾಕತ್ತೀರೋ? ಮೊದಲ ಕಣ್ಣ ಮುಚ್ಚರಿ.”

“ಮುಚ್ಚಿದರ ನಿದ್ದಿ ಬರ್ತದವಾ.”

“ನಿಮ್ಮ ಮನಿಯಾಕಿ ಸಮಾಧಾನಮ್ಮ ಇದ್ದಿದ್ದರ ಚಿವುಟಿ ಎಬ್ಬಸ್ತಿದ್ದಳು ಬಿಡ್ರಿ” ಎಂದು ನಕ್ಕಳು.

ಆಕೆಯೇ ನಿನಗೆ ಫೋನು ಹಚ್ಚಿರಬೇಕು. ಇಲ್ಲದಿದ್ದರೆ “ಯಪ್ಪಾ, ಪ್ರಾರ್ಥನ್ಯಾಗ ನಿನ್ನ ಮನಸ್ಸು ಎಲ್ಲಿರ್ತದ?” ಎಂದು ನೀನು ಕೇಳುತ್ತಿರಲಿಲ್ಲ.

ಭಾನುವಾರ ಅಯ್ಯನವರು ಎಚ್ಚರವೂ ಬೇಕು, ಪ್ರಾರ್ಥನೆಯೂ ಬೇಕು ಎಂದು ಬೋಧಿಸಿದರು. ನನಗೆ ಎರಡೂ ಕೂಡಿ ಆಗುತ್ತಿಲ್ಲ, ತಾಯಿ. ದಣಿದಿದ್ದೇನೆ. ಪಾಳಿ ಮುಗಿಸಿ ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಬೇಸರ. ನಿನ್ನ ತಲೆಯ ಮೇಲೆ ಕೈಯಿಡಲು ಅಯ್ಯನವರನ್ನೇ ಕರೆಸುತ್ತೇನೆ. ಆದರೆ ದೇವದುರ್ಗಕ್ಕೆ ಹೋಗಬೇಡ. ಸುಣ್ಣ ಹೊಡೆಸಿದ ಕೋಣೆ ಖಾಲಿ ಇರುವುದನ್ನು ನೋಡಲಾರೆ.

ಅಳಿಯ ಪ್ರಭುದಾಸನಿಗೆ ನನ್ನ ನೆನಪು ಹೇಳು. ಬಸ್ಸಿನಲ್ಲಿ ಬರುವುದಾದರೆ ಹಿಂದಿನ ಸೀಟು ಬೇಡ, ಕುಲುಕುತ್ತದೆ. ಕರ್ತನು ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಯಲಿ.

ನಿನ್ನ ಅಪ್ಪ,
ಸತ್ಯಮಿತ್ರ

ತಾ.ಕ.: ಮಡಚಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಿದ್ದೆ ಬರುತ್ತದೆ ಎಂದು ಗೋಪಮ್ಮನಿಗೆ ಹೇಳಿದ್ದು ಸುಳ್ಳು. ಅಕ್ಟೋಬರಿನಲ್ಲಿ, ಆಸ್ಪತ್ರೆಯಲ್ಲಿ, ನೀನು ಔಷಧಿ ತರಲು ಕೆಳಗೆ ಹೋಗಿದ್ದೆಯಲ್ಲ, ಆಗ ನಿಮ್ಮವ್ವ “ಪ್ರಾರ್ಥನಿ ಮಾಡ್ರಿ” ಎಂದಳು. ಅವಳ ಕೈ ಹಿಡಿದು ಕಣ್ಣು ಮುಚ್ಚಿದೆ. ಮನಸ್ಸು ಎಲ್ಲಿಯೂ ಹೋಗಲಿಲ್ಲ ಸುವಾರ್ತಾ. ಹೊರಗಿನ ಒಂದು ಸಪ್ಪಳವೂ ಕೇಳಲಿಲ್ಲ. ಆಯುಷ್ಯದಲ್ಲೇ ಅಷ್ಟು ಮನಸ್ಸಿಟ್ಟು ಪ್ರಾರ್ಥಿಸಿದ್ದು ಅದೊಂದೇ ಸಲ, ಅದಕ್ಕೇ ಉದ್ದವಾಯಿತು. ಮುಗಿಸಿದಾಗ ಅವಳು ಆಮೆನ್ ಅನ್ನಲಿಲ್ಲ. ಕಣ್ಣು ತೆರೆದೆ. ಅವಳ ಕಣ್ಣು ತೆರೆದೇ ಇದ್ದವು, ನನ್ನ ಮುಖದ ಕಡೆಗೆ. ಉಸಿರು ನಿಲ್ಲುವ ಮುಂಚೆ ಎಷ್ಟು ಹೊತ್ತು ನನ್ನನ್ನು ನೋಡುತ್ತಿದ್ದಳೋ.

ಅಂದಿನಿಂದ ಮುಚ್ಚಲಾಗುತ್ತಿಲ್ಲ.

ಅಯ್ಯನವರು ಬೇಡ, ನೀನು ಬಾ. ತಲೆಯ ಮೇಲೆ ಕೈ ನಾನೇ ಇಡುತ್ತೇನೆ. ಕಣ್ಣು ಮುಚ್ಚಿ ಪ್ರಾರ್ಥನೆ ನೀನು ಹೇಳು. ನಾನು ನಿನ್ನ ಮುಖ ನೋಡುತ್ತಾ ನಿಂತಿರುತ್ತೇನೆ, ನೀನು ನಿಲ್ಲಿಸಿದಾಗ ಆಮೆನ್ ಅನ್ನುತ್ತೇನೆ.