ರಾಜೀನಾಮೆ ಬರೆದ ಶೃತಿಗೆ

ಶೃತಿ,

ಎದ್ದ ಕೂಡಲೇ ಗಾಬರಿಯಾಗಬೇಡ, ಮಗಳನ್ನು ಅಂಗನವಾಡಿಗೆ ನಾನೇ ಕರೆದುಕೊಂಡು ಹೋಗಿದ್ದೇನೆ. ಜಡೆ ಸೊಟ್ಟಗಾಗಿದೆ, ಆದರೂ ಅವಳಿಗೆ ಇಷ್ಟವಾಯಿತು. ಮುದ್ದೆ, ಸೊಪ್ಪಿನ ಸಾರು ಇದೆ, ಮೊದಲು ಊಟ ಮಾಡು. ಕಾಲಿನ ಬೊಬ್ಬೆಗೆ ಮುಲಾಮು ಕಿಟಕಿಯಲ್ಲಿದೆ.

ಯೂನಿಫಾರ್ಮ್ ಒಗೆಯುವಾಗ ಜೇಬಿನಲ್ಲಿ ನಿನ್ನ ರಾಜೀನಾಮೆ ಪತ್ರ ಸಿಕ್ಕಿತು. ಓದಿ ಕೋಪ ಬಂತು. ಫಾರೆಸ್ಟ್ ಗಾರ್ಡ್ ಆಗಬೇಕೆಂದು ಕುದೇರಿನ ಕೆರೆ ಏರಿಯ ಮೇಲೆ ಆರು ತಿಂಗಳು ಓಡಿದವಳು ನೀನು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಎರಡೆರಡು ದಿನ ಮನೆಗೆ ಬರಲಾಗುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ, ನಿಜ. ಈಗ ಗೊತ್ತಾಯಿತಲ್ಲ, ಮನೆಯನ್ನು ಅದಕ್ಕೆ ತಕ್ಕ ಹಾಗೆ ನಡೆಸೋಣ.

ಅವ್ವ ನಿನ್ನೆ, "ಎಂಗ್ಸು ಕಾಡಲ್ಲಿ ಅಲಿಯೋದು ಎಂತದ್ಲಾ, ಬುಡ್ಸು ಕೆಲ್ಸವ" ಎಂದಳು.

"ಬುಡ್ಸಕ್ಕಿಲ್ಲ ಕಣವ್ವ. ಮೊಗೀನ ನಾ ನೋಡ್ಕತೀನಿ, ನೀನೂ ವಸಿ ನೋಡ್ಕೊ" ಎಂದೆ. ಗೊಣಗುತ್ತಲೇ ಇವತ್ತು ಸೊಪ್ಪು ಬಿಡಿಸಿಕೊಟ್ಟಳು.

ಕಾಡು ನಿನಗೇ ಸಾಕಾಗಿದ್ದರೆ ಪತ್ರ ಕೊಡು, ನಾನು ತಡೆಯುವುದಿಲ್ಲ. ನಮಗೋಸ್ಕರ ಎಂದಾದರೆ ಬೇಡ. ಬಾಳೆಗೆ ನೀರು ಹಾಯಿಸಿ ಹನ್ನೆರಡಕ್ಕೆ ಬರುತ್ತೇನೆ. ರೆಡಿಯಾಗಿರು, ಪುಣಜನೂರಿಗೆ ಡ್ಯೂಟಿಗೆ ಬೈಕಿನಲ್ಲಿ ನಾನೇ ಬಿಡುತ್ತೇನೆ.

ಶಶಿ