ಅಪ್ಪನನ್ನು ತಡೆದು ನಿಲ್ಲಿಸಿದ ಮರ

ಕುಸಿನಿಯೆಮಿ, ಸಾವೊ
ಜೂನ್ ೧೦, ಶುಕ್ರವಾರ ಬೆಳಗ್ಗೆ

ಪ್ರೀತಿಯ ತಮ್ಮ ಎನ್ಸಿಯೋಗೆ ಅಕ್ಕನ ಆಶೀರ್ವಾದಗಳು.

ಸೊಂಟನೋವು ಹೇಗಿದೆ? ಗೋಥೆನ್‌ಬರ್ಗಿನ ಆ ಮೆತ್ತನೆ ಹಾಸಿಗೆ ಬಿಟ್ಟು ಹಲಗೆಯ ಮೇಲೆ ಮಲಗು ಎಂದು ಎಷ್ಟು ಸಲ ಹೇಳಲಿ? ಬ್ರಿಟಾಳ ಮಂಡಿ ಈಗ ಮಡಿಸಲು ಬರುತ್ತದೆಯೇ? ಇದ್ದುದರಲ್ಲಿ ನಿನ್ನನ್ನು ಸಹಿಸಿಕೊಂಡ ಹೆಂಡತಿ, ಚೆನ್ನಾಗಿ ನೋಡಿಕೋ. ನಾನು ಗಟ್ಟಿಯಾಗಿದ್ದೇನೆ. ಸಿಟ್ಟು ಬಂದಿರುವುದರಿಂದ ಇನ್ನೂ ಸ್ವಲ್ಪ ಗಟ್ಟಿಯಾಗಿದ್ದೇನೆ.

ನಿನ್ನ ಕಾಗದ ಓದಿದೆ. ಅಪ್ಪನ ಮರ ಮುಟ್ಟಿದರೆ ನಾನು ನಿನ್ನ ತಮ್ಮನೇ ಅಲ್ಲ ಎಂದು ಬರೆದಿದ್ದೀಯ. ಅಲ್ಲ ಕಣೋ, ಅಮ್ಮನನ್ನು ಮಣ್ಣು ಮಾಡಿ ಅದೇ ಸಂಜೆ ಹಡಗು ಹತ್ತಿದವನು ಆಮೇಲೆ ಈ ಕಡೆ ತಲೆ ಹಾಕಿಲ್ಲ. ಅಲ್ಲಿ ಕೂತು ಇಲ್ಲಿಯ ಮರಕ್ಕೆ ಕಾವಲು ಕಾಯುತ್ತೀಯಾ? ಹೋದ ಶರತ್ಕಾಲದ ಗಾಳಿಗೆ ಕೆರೆಯಂಚಿನ ಸ್ಪ್ರೂಸ್ ಮರಗಳು ಮಲಗಿದಾಗ ಮರ ಕಡಿಯುವ ಯೋರ್ಮ ಯಂತ್ರ ತಂದು, ಬಿದ್ದದ್ದು, ಬೇರು ಸಡಿಲವಾದದ್ದು ಎಲ್ಲವನ್ನೂ ಸಾಗಿಸಿದ. ಬೇಸಿಗೆಗೆ ಮುಂಚೆ ಸಾಗಿಸದಿದ್ದರೆ ತೊಗಟೆಹುಳು ಅದರಲ್ಲೇ ಸಂಸಾರ ಹೂಡುತ್ತದೆ ಎಂಬುದು ಅವನಿಗೆ ಗೊತ್ತು. ಆದರೆ ಸ್ಮಶಾನದ ತಿರುವಿನಲ್ಲಿ ಅಪ್ಪನ ಮರದ ಬೇರೂ ಸಡಿಲವಾಗಿತ್ತು, ಅದನ್ನು ಮಾತ್ರ ಸುತ್ತು ಹಾಕಿಕೊಂಡು ಹೋದ. "ಲೆಂಪಕ್ಕಾ, ಬೇಕಾದ್ರೆ ಕೂಲಿ ಬಿಡ್ತೀನಿ, ಆ ಮರ ಮಾತ್ರ ಮುಟ್ಟಲ್ಲ. ನಿಮ್ಮಪ್ಪ ಎದ್ದು ಬಂದ್ರೆ ಮೊದ್ಲು ಸಿಗೋದು ನಮ್ಮನೆನೇ" ಎಂದ. ಹೋಗಲಿ ಎಂದು ನಾನೂ ಬಿಟ್ಟೆ.

ಈಗ ನೋಡು, ಆ ಮರದ ಬುಡದಲ್ಲಿ ಕಾಫಿಪುಡಿಯಂಥ ಕಂದು ಹುಡಿ ಬಿದ್ದಿದೆ. ಹುಳು ಒಳಗೆ ಸೇರಿದೆ. ಬೇಸಿಗೆಯ ನಡುವೆ ಮರಿಗಳು ರೆಕ್ಕೆ ಬಲಿತು ಹೊರಬಿದ್ದರೆ ಹಿಂದೆಯೇ ಇರುವ ಅಮ್ಮನ ಕಾಡಿಗೆ ನುಗ್ಗುತ್ತವೆ. ನಿನ್ನನ್ನು ಹೊಟ್ಟೆಯಲ್ಲಿ ಹೊತ್ತುಕೊಂಡೇ ಅಮ್ಮ ನೆಟ್ಟ ಸಸಿಗಳು ಅವು. ಆಚೆಗೆ ಪಕ್ಕದ ಮನೆಯ ಹಿಲ್ಕಳ ಕಾಡು. ಹುಳು ಹಾರಿಹೋದ ಮೇಲೆ ಮರ ಕಡಿಯುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಸತ್ತವರು ಮನೆಗೆ ತಿರುಗಿ ಬರದಿರಲಿ ಎಂದು ಆ ಮರದ ಕೆಳಗಿನ ಕೊಂಬೆ ಸವರಿ, ಅಪ್ಪನ ಹೆಸರು, ಶಿಲುಬೆ, ಇಸವಿ ಕೆತ್ತಿದವನು ನೀನೇ, ನೆನಪಿದೆ. ಹೆಣ ಹೊತ್ತವರು ಅಲ್ಲೇ ನಿಂತು ಒಂದೊಂದು ಗುಟುಕು ಕುಡಿದರು. ಅಪ್ಪ ಇಲ್ಲಿಯವರೆಗೆ ಬಂದು, ತನ್ನ ಹೆಸರು ನೋಡಿ, ಓಹೋ ನಾನು ಸತ್ತಿದ್ದೇನೆ ಎಂದು ಹಿಂದಿರುಗಬೇಕಂತೆ. ಪದ್ಧತಿಯನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಸತ್ತ ಅಪ್ಪನ ಭಯಕ್ಕೆ ಅಮ್ಮನ ಕಾಡನ್ನು ಹುಳುವಿಗೆ ಬಡಿಸಲಾರೆ. ಊರೇ ಬೇಡ ಅನ್ನಲಿ, ನೀನು ಸಂಬಂಧ ಕಡಿದುಕೋ, ಆ ಮರವನ್ನು ನಾನು ಕೆಡವಿಸುತ್ತೇನೆ.

ಔಷಧಿ ತಪ್ಪಿಸಬೇಡ. ಬ್ರಿಟಾಳಿಗೆ ನನ್ನ ನೆನಪು ಹೇಳು. ಇಬ್ಬರೂ ನೂರು ವರ್ಷ ಬಾಳಿ.

ಇತಿ ನಿನ್ನ ಹಟಮಾರಿ ಅಕ್ಕ,
ಲೆಂಪಿ

ಲಕೋಟೆ ಅಂಟಿಸುವ ಮುಂಚೆ, ಸಂಜೆ: ಮರ ಬಿತ್ತು. "ಗರಗಸ ನನಗಿರ್ಲಿ, ಶಾಪಗೀಪ ಇದ್ರೆ ನಿನಗಿರ್ಲಿ" ಎಂದು ಹಿಲ್ಕ ಬಂದು ಕೊಯ್ದಳು. ಇಬ್ಬರೂ ಸೇರಿ ತೊಗಟೆ ಸುಲಿದೆವು. ಒಳಗೆ ಅಕ್ಕಿಕಾಳಿನಂಥ ಬಿಳಿ ಮರಿಗಳು ಕಿಕ್ಕಿರಿದಿದ್ದವು. ಒಂದೂ ಬಿಡದೆ ತೊಗಟೆ ಸಮೇತ ಸೌನಾ ಹಬೆಮನೆಯ ಒಲೆಗೆ ಹಾಕಿದೆವು. ಇನ್ನು ಅಪ್ಪನ ದಾರಿಗೆ ಅಡ್ಡ ಏನೂ ಇಲ್ಲ. ಬರಲಿ, ಚಿಲಕ ಹಾಕಿಲ್ಲ, ಕಾಫಿ ಕಾಯಿಸಿಟ್ಟಿದ್ದೇನೆ. ಎನ್ಸಿಯೋ, ಸತ್ತವನನ್ನು ತಡೆಯಲು ಅಲ್ಲೊಂದು ಮರವಾದರೂ ಇತ್ತು. ಬದುಕಿರುವ ನಿನ್ನನ್ನು ಇಷ್ಟು ವರ್ಷ ತಡೆದದ್ದು ಯಾವ ಮರವೋ? ಹೇಳು, ಹಿಲ್ಕಳ ಗರಗಸ ಇನ್ನೂ ಇಲ್ಲೇ ಇದೆ.