ಅಕ್ಕನ ಕೈಯ ಚಿಚಾ

ಜೂನ್ 3, ಶನಿವಾರ

ಮೈಕಿನ ಬ್ಯಾಟರಿ ಮತ್ತೆ ಕೈಕೊಟ್ಟಿತು. ಮೂರನೇ ಮನೆಗೇ. ಇಸಿದ್ರೊ ಅಣ್ಣ ಸಭೆಯ ಹಿರಿಯ, ಪ್ರತಿ ಶನಿವಾರ ಸುವಾರ್ತೆ ಸಾರಲು ನನ್ನ ಜೊತೆಗಾರ, ಬೈಬಲಿನ ಅಧ್ಯಾಯಗಳೆಲ್ಲ ಬಾಯಿಪಾಠ — ಚಾರ್ಜ್ ಮಾಡುವುದು ಮಾತ್ರ ನೆನಪಿರುವುದಿಲ್ಲ. ಚಿಂಬೊರಾಸೊ ಬೆಟ್ಟದ ಕಡೆಯ ಗಾಳಿಗೆ ಎದುರಾಗಿ ಕೂಗಿ ಗಂಟಲು ಕಟ್ಟಿದೆ. ಒಂದು ಮನೆಯಲ್ಲಿ ನಾಯಿ ಬಿಟ್ಟರು. ಇನ್ನೊಂದರಲ್ಲಿ ಬಾರ್ಲಿ ಹುರಿಟ್ಟು ಕೊಟ್ಟು, ಕೂರಿಸಿ, ಕೇಳಿದರು. ಇವತ್ತಿಗೆ ಅಷ್ಟು ಸಾಕು.

ಇಳಿಯುವಾಗ ಅವನ ಅದೇ ರಾಗ. "ಮೇಲಿನ ಕೇರಿಗೆ ಯಾವಾಗ ಹೋಗೋದು, ತಂಗಿ?"

"ಅಲ್ಲಿ ಚಳಿ ಜಾಸ್ತಿ."

"ಯೇಸು ಶಿಲುಬೆ ಹೊತ್ತ. ನಿಂಗೆ ಚಳಿ."

ಮೇಲಿನ ಕೇರಿಯಲ್ಲಿ ಪೆತ್ರೋನಾ ಅಕ್ಕನ ಮನೆ; ಅವಳು ಇನ್ನೂ ಹಳೆಯ ಕ್ಯಾಥೊಲಿಕ್ ಚರ್ಚಿನವಳು. ಅವನಿಗೂ ಗೊತ್ತು. 

ಜೂನ್ 4, ಭಾನುವಾರ

ಆರಾಧನೆಯ ನಡುವೆ ಫೋನ್. ಅಕ್ಕನ ಮಗಳು ಡೆಲ್ಫಿನಾ. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ. ರಿಯೋಬಾಂಬಾ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಇನ್ನೇನೂ ಮಾಡಲಾಗದು ಅಂತ.

ಒಳಗೆ ಬಂದರೆ ಪಾಸ್ಟರ್ ಕೇಳುತ್ತಿದ್ದರು, ಮೇಲಿನ ಕೇರಿಗೆ ಯಾರು ಹೋಗುತ್ತೀರಿ ಎಂದು. ಎಲ್ಲರೂ ನೆಲ ನೋಡುತ್ತಿದ್ದರು. ನನ್ನ ಕೈ ತಾನಾಗಿ ಮೇಲೆದ್ದಿತು.

ಅಮ್ಮ ಸತ್ತ ಮೇಲೆ ನನಗೆ ತಲೆ ಬಾಚಿದವಳು ಅಕ್ಕ. ಅವಳು ಹೀಗೇ, ಏನೂ ಕೇಳಿಸಿಕೊಳ್ಳದೆ ಹೋಗಿಬಿಟ್ಟರೆ? ಪರಲೋಕದಲ್ಲಿ ನಾನು ಯಾರ ಪಕ್ಕ ಕೂರಲಿ?

ಜೂನ್ 14, ಬುಧವಾರ

ಹೋದೆ. ಒಬ್ಬಳೇ.

"ಬಂದ್ಯಾ ಮೆಲ್ಚೋರಾ? ಎಲ್ಲೇ ನಿನ್ ಮೈಕು?" ಹಾಸಿಗೆಯಿಂದಲೇ.

"ತಂದಿಲ್ಲಕ್ಕ."

"ಪುಣ್ಯ. ನಾನ್ ಸಾಯೋದು ಊರಿಗೆಲ್ಲ ಕೇಳಿಸ್ಬೇಕಾಗಿಲ್ಲ."

ನಕ್ಕೆ. ನಗುತ್ತಲೇ ಅಳು ಬಂತು. ಕೈ ಹಿಡಿದರೆ ಬರೀ ಮೂಳೆ.

"ಅಕ್ಕ, ಒಂದು ಮಾತು ಹೇಳ್ಬೇಕಿತ್ತು..."

"ನಿನ್ ಯೇಸು ಮಾತು ತಾನೆ? ಕೇಳ್ತೀನಿ ಬಿಡು. ಆದ್ರೆ ಮೊದ್ಲು ನನ್ ಕೈಯಿಂದ ಒಂದು ಬಟ್ಟಲು ಚಿಚಾ ಕುಡಿ. ಎಷ್ಟು ವರ್ಷ ಆಯ್ತೇ ನೀನು ಈ ಮನೇಲಿ ಬಾಯಿ ಒದ್ದೆ ಮಾಡ್ಕೊಂಡು? ನಾನು ಕೊಟ್ಟಿದ್ದು ನಿನ್ ಗಂಟಲಲ್ಲಿ ಇಳಿಯಲ್ಲ, ನೀನು ಕೊಟ್ಟಿದ್ದು ನನ್ ಕಿವೀಲಿ ಇಳೀಬೇಕಾ?"

ಅವಳ ಹೊದಿಕೆ ಸರಿಮಾಡಿದೆ.

"ಶನಿವಾರ ಬಾ. ಮಾಡಿಸಿಟ್ಟಿರ್ತೀನಿ."

ಜೂನ್ 15

ನಿದ್ದೆಯಿಲ್ಲ. ಅಪ್ಪ ಹಬ್ಬದಲ್ಲಿ ಇದೇ ಚಿಚಾ, ಮೆಕ್ಕೆಜೋಳದ ಹುಳಿ ಹೆಂಡ, ಕುಡಿದು ಕಮರಿಗೆ ಬಿದ್ದು ಸತ್ತ. ನನ್ನ ಗಂಡ ಆನ್ಸೆಲ್ಮೊ ಕುಡಿದು ಬಂದು ನನ್ನ ಹಲ್ಲು ಮುರಿದ. ಆಮೇಲೆ ಯಾರೋ ನಮ್ಮ ಅಂಗಳದಲ್ಲಿ ನಿಂತು ಸುವಾರ್ತೆ ಹೇಳಿದರು. ಆನ್ಸೆಲ್ಮೊ ಅಂದೇ ಕುಡಿತ ಬಿಟ್ಟ. ಸಾಯುವ ತನಕ ಮನುಷ್ಯನಾಗಿ ಬಾಳಿದ. ಆ ಬಟ್ಟಲು ನನಗೆ ಬರೀ ಬಟ್ಟಲಲ್ಲ. ಅಕ್ಕನಿಗೆ ಇದು ಗೊತ್ತು. ಗೊತ್ತಿದ್ದೂ ಕೇಳುತ್ತಾಳೆ.

ಪಾಸ್ಟರರನ್ನು ಕೇಳಿದೆ. ನಿನಗೆ ಬಿಟ್ಟದ್ದು ಎಂದರು. ಜಾಣರು. ಇಸಿದ್ರೊ ಅಣ್ಣ ಮಾತ್ರ ನೇರ:

"ನಾನು ಹೆಂಗೆ ಕುಡೀತಿದ್ದೆ ಅಂತ ನೋಡಿದೀಯ. ನಿನ್ ಮುಖ ನೋಡ್ಕೊಂಡೇ ಬಿಟ್ಟಿದ್ದು. ನೀನು ಒಂದು ಗುಟುಕು ಕುಡಿದ್ರೆ ನಾನು ಒಂದು ಕೊಡ ಕುಡೀತೀನಿ, ತಂಗಿ. ನನ್ ಹಣೆಬರಹ ನಂಗ್ ಗೊತ್ತು."

ಜೂನ್ 17, ಶನಿವಾರ

ಇಸಿದ್ರೊ ಅಣ್ಣನೂ ಬಂದ. ಬಾಗಿಲ ಹೊರಗೆ ಟೊಪ್ಪಿ ಕೈಯಲ್ಲಿ ಹಿಡಿದು ನಿಂತ.

ಅಕ್ಕನನ್ನು ದಿಂಬಿಗೆ ಒರಗಿಸಿದ್ದರು. ತಲೆ ಬಾಚಿ, ಕೆಂಪು ಶಾಲು ಹೊದಿಸಿ. ಸೋರೆ ಬಟ್ಟಲು ಎರಡೂ ಕೈಯಲ್ಲಿ.  ಪದ್ಧತಿಯಂತೆ ತಾನು ಮೊದಲು ಒಂದು ಗುಟುಕು ಕುಡಿದಳು. ಆಮೇಲೆ ನನ್ನತ್ತ ಚಾಚಿದಳು. "ತಗೋ ಪುಟ್ಟಿ."

ಪುಟ್ಟಿ ಎಂದು ಯಾರಾದರೂ ಕರೆದು ಯಾವ ಕಾಲವಾಯಿತು.

ತೆಗೆದುಕೊಂಡೆ. ಹೊರಗಿನಿಂದ ಇಸಿದ್ರೊ ಅಣ್ಣ ನೋಡುತ್ತಿದ್ದ. ಬಟ್ಟಲನ್ನು ನೆಲದ ಮೇಲೆ ಇಟ್ಟೆ. ಬೈಬಲ್ ತೆರೆದೆ.

ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. "ಓದಮ್ಮ, ಓದು. ಗೋಡೆ ಕೇಳ್ತದೆ."

ಓದಿದೆ. ಏನು ಓದಿದೆನೋ. ಡೆಲ್ಫಿನಾ ಬಟ್ಟಲು ಎತ್ತಿಕೊಂಡು ಹೋದಳು, ನನ್ನ ಮುಖ ನೋಡದೆ. ದಾರಿಯಲ್ಲಿ ಇಸಿದ್ರೊ ಅಣ್ಣ ಅಂದ, "ಗೆದ್ದೆ ತಂಗಿ." ಅವನಿಗಿಂತ ಮುಂದೆ ನಡೆದೆ.

ಜೂನ್ 27

ಶನಿವಾರ ಬೆಳಿಗ್ಗೆ ಅಕ್ಕ ಹೋದಳು. ನಿನ್ನೆ ಮಣ್ಣು ಮಾಡಿದರು. ಅವರ ಚರ್ಚಿನ ಪಾದ್ರಿ ಬಂದಿದ್ದರು, ಮೇಣದ ಬತ್ತಿ, ಜಪಸರ. ನಾನು ಬೇಲಿಯ ಹತ್ತಿರ ನಿಂತಿದ್ದೆ. ನಮ್ಮವರು ಅಂಥ ಪ್ರಾರ್ಥನೆಗೆ ಸೇರುವುದಿಲ್ಲ. ಬೇಲಿಯ ಹತ್ತಿರ ನಿಂತೇ ಅಕ್ಕನನ್ನು ಕಳಿಸಿಕೊಟ್ಟೆ.

ಜೂನ್ 29, ಗುರುವಾರ

ಸತ್ತವರ ಬಟ್ಟೆ ಒಗೆಯುವ ದಿನ. ಅದಕ್ಕೂ ನಮ್ಮವರು ಹೋಗುವುದಿಲ್ಲ. ಹೋದೆ. ಯಾರು ಏನಾದರೂ ಅಂದುಕೊಳ್ಳಲಿ.

ಹಳ್ಳದ ನೀರು ಕೊರೆಯುತ್ತಿತ್ತು. ಡೆಲ್ಫಿನಾ ಒಂದು ಕಲ್ಲಿಗೆ, ನಾನು ಒಂದು ಕಲ್ಲಿಗೆ.  ಆಮೇಲೆ ಅವಳು, ಬಟ್ಟೆ ಉಜ್ಜುತ್ತಲೇ:

"ಚಿಕ್ಕಮ್ಮ, ಅವತ್ತಿನ ಚಿಚಾ ಹುಳಿ ಬಂದಿರ್ಲಿಲ್ಲ."

"ಅಂದ್ರೆ?"

"ಅವತ್ತೇ ಬೆಳಿಗ್ಗೆ ಕುದಿಸಿ ಇಳಿಸಿದ್ದು. ಮೊಳಕೆ ಜೋಳ, ಬೆಲ್ಲ, ಅಷ್ಟೇ. ಅಮಲು ಎಲ್ಲಿಂದ ಬರ್ಬೇಕು? ಹಸುಗೂಸಿಗೂ ಕುಡಿಸ್ಬಹುದಿತ್ತು. ಅಮ್ಮ ನಿಲ್ಲೋಕಾಗ್ದೆ ಒಲೆ ಹತ್ರ ಕೂತ್ಕೊಂಡು ತಾನೇ ಕಲಕಿದ್ಲು. ಎರಡು ಸಲ ರುಚಿ ನೋಡಿದ್ಲು, ಎಲ್ಲಾದ್ರೂ ಹುಳಿ ಬಂದ್ಬಿಟ್ಟಿದ್ಯಾ ಅಂತ."

"ನಂಗ್ಯಾಕೆ ಹೇಳ್ಲಿಲ್ಲ ಕಣೇ?"

"ಹೇಳ್ಬೇಡ ಅಂದ್ಲು. 'ಅವಳಿಗೆ ನನ್ ಕೈ ಮೇಲೆ ನಂಬಿಕೆ ಇದ್ರೆ ಕುಡೀತಾಳೆ' ಅಂದ್ಲು."

ಸೋಪು ಕೈಯಿಂದ ಜಾರಿ ಹೋಯಿತು. ನಂಬಿ, ನಂಬಿ ಎಂದು ಇಷ್ಟು ವರ್ಷ ಮನೆಮನೆಯ ಮುಂದೆ ಕೂಗಿದವಳು ನಾನು. ನನ್ನನ್ನು ಸಾಕಿದವಳು ನನಗೆ ವಿಷ ಕೊಡುತ್ತಾಳೆ ಎಂದುಕೊಂಡೆ. ಮೂಸಿ ಕೂಡ ನೋಡಲಿಲ್ಲ. ಎದೆ ಒಡೆದುಹೋಗುವಂತೆ ಅತ್ತೆ, ಹಳ್ಳದಲ್ಲಿ, ಎಲ್ಲರೆದುರಿಗೆ. ಅಕ್ಕನ ಕೆಂಪು ಶಾಲು ಹಿಂಡಲು ಇಬ್ಬರೂ ಬೇಕಾಯಿತು.

ಜುಲೈ 1, ಶನಿವಾರ

ಇಸಿದ್ರೊ ಅಣ್ಣ ಬಂದ. "ಇವತ್ತು ಚಾರ್ಜ್ ಮಾಡಿದೀನಿ!" ಎಂದ, ದೊಡ್ಡ ಸಾಧನೆ ಎಂಬಂತೆ. ಹೊರಡಲಿಲ್ಲ. ಎಲ್ಲ ಹೇಳಿದೆ. ಮೆಟ್ಟಿಲ ಮೇಲೆ ಕುಸಿದು ಕೂತ.

"ನನ್ನಿಂದ ಆಯ್ತು, ತಂಗಿ."

"ನಿನ್ನಿಂದಲ್ಲ." ನಿಜಕ್ಕೂ ಅವನಿಂದಲ್ಲ. ಅವನಿಗೆ ತನ್ನ ಭಯವಿತ್ತು. ನನಗೆ ಏನಿತ್ತು? ಸಭೆಯಲ್ಲಿ ಗಳಿಸಿದ ಹೆಸರು.

ಪ್ರಾರ್ಥನೆಗೆ ಕೂತರೆ ಗೋಡೆಯೇ ಕಾಣುತ್ತದೆ. ಅಕ್ಕ ಆ ಕಡೆ ಮುಖ ಮಾಡಿಕೊಂಡೇ ಹೋದಳಾ? ಡೆಲ್ಫಿನಾಳನ್ನು ಕೇಳುವ ಧೈರ್ಯವಿಲ್ಲ.

ಜುಲೈ 8, ಶನಿವಾರ

ಮೇಲಿನ ಕೇರಿಗೆ ಹತ್ತಿದೆ. ಇಸಿದ್ರೊ ಅಣ್ಣನನ್ನು, ಮೈಕನ್ನು ಕೆಳಗೇ ಬಿಟ್ಟು. ಬೈಬಲ್ ಶಾಲಿನೊಳಗೆ. ಬಾಗಿಲು ತಟ್ಟಿದೆ.

"ಯಾರು?" ಡೆಲ್ಫಿನಾ.

ಪ್ರತಿ ಬಾಗಿಲಲ್ಲೂ ನಾನು ಹೇಳುವ ಮಾತು ಒಂದೇ, ಒಳ್ಳೆಯ ಸುದ್ದಿ ತಂದಿದ್ದೇನೆ ಎಂದು. 

"ನಾನು ಕಣೇ. ಚಿಕ್ಕಮ್ಮ. ಬಾಯಾರಿಕೆ ಆಗಿದೆ... ಕುಡಿಯೋಕೆ ಏನಾದ್ರೂ ಕೊಡ್ತೀಯಾ?"

ಬಾಗಿಲು ತೆರೆದಳು. ನೋಡುತ್ತ ನಿಂತಳು. ಆಮೇಲೆ ಒಳಗೆ ಗಡಿಗೆಯ ಮುಚ್ಚಳ ಸರಿದ ಸದ್ದು. ಸಿಹಿಯೋ ಹುಳಿಯೋ ಕೇಳಲಿಲ್ಲ. ಅದೇ ಬಟ್ಟಲು. ತಾನು ಒಂದು ಗುಟುಕು ಕುಡಿದು ನನ್ನತ್ತ ಚಾಚಿದಳು. ಅಕ್ಕನದೇ ಕೈ, ಅದೇ ಬೆರಳು. ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದೆ.